ಗಡಿ ಎಲ್ಲಿ, ಕೇರಿ ಎಲ್ಲಿ?

ನಮ್ಮ ವಿಮರ್ಶಕರಿಗೆ ಒಂದು ಚಟ ಇದೆ. ಕನ್ನಡನಾಡಿನ ನಕ್ಷೆ ಹಾಸಿಕೊಂಡು ಇದು ಹಳೇ ಮೈಸೂರು, ಇದು ಮುಂಬೈ ಕರ್ನಾಟಕ, ಇದು ಹೈದರಾಬಾದ್ ಕರ್ನಾಟಕ, ಅದು ಕರಾವಳಿ ಎಂದು ಗೆರೆ ಎಳೆಯುತ್ತಾರೆ. ಆಮೇಲೆ ಒಂದೊಂದು ತುಂಡಿಗೆ ಒಂದೊಂದು ಸಂಸ್ಕೃತಿ ಹಂಚುತ್ತಾರೆ. ನಮ್ಮ ಪಾಲಿಗೆ ಬಂದದ್ದು ಬಿಸಿಲು, ಜೋಳದ ರೊಟ್ಟಿ, ತೊಗರಿ ಮತ್ತು 'ಹಿಂದುಳಿದ ಪ್ರದೇಶ' ಎಂಬ ಹಣೆಪಟ್ಟಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಕೇರಿಗಳಿಂದ ಬಂದು ನಾಕು ಅಕ್ಷರ ಕಲಿತ ನಾವು ಕೇಳುತ್ತೇವೆ: ಈ ಗೆರೆ ಎಳೆದವರು ಯಾರು?

ಆಳಿದವರು. ಈ ಹೆಸರುಗಳೆಲ್ಲ ಕಂದಾಯ ವಸೂಲಿ ಮಾಡಿದವರ ಹೆಸರುಗಳು. ನಮ್ಮ ಮುತ್ಯಾ ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ. ಕಲ್ಲು ಒಡೆಯಲು ಹೋದದ್ದು 1956ರ ನಂತರದ ಮೈಸೂರು ರಾಜ್ಯದಲ್ಲಿ. ಬೆನ್ನು ಬಾಗಿದ್ದು 1973ರ ನಂತರದ ಕರ್ನಾಟಕದಲ್ಲಿ. ಸತ್ತದ್ದು 2019ರಲ್ಲಿ ಹೆಸರು ಬದಲಾದ ಕಲ್ಯಾಣ ಕರ್ನಾಟಕದಲ್ಲಿ. ಇಷ್ಟೆಲ್ಲ ರಾಜ್ಯ ಕಂಡವನು ಶಹಾಬಾದದ ಫರಸಿ ಖಣಿ ಬಿಟ್ಟು ಆಚೆ ಹೋಗಿರಲಿಲ್ಲ. ಅವನು ಕಡಿದ ಫರಸಿ ಮಾತ್ರ ಊರೂರಿಗೆ ಹೋಗಿ ದೊಡ್ಡವರ ಪಡಸಾಲೆಯಲ್ಲಿ ಹಾಸಿಕೊಂಡಿತು.

ಹಳೆಯ ಕಾಲದ ಗೆರೆ ಹಿಡಿಯೋಣ ಎಂದರೆ ಅದೂ ಕೈಗೆ ಸಿಗುವುದಿಲ್ಲ. ಕಾವೇರಿ ಗೋದಾವರಿಗಳ ನಡುವಿನದು ಕನ್ನಡನಾಡು ಎಂಬ ಕವಿರಾಜಮಾರ್ಗದ ಮಾತನ್ನು ಪ್ರತಿ ನವೆಂಬರಿನಲ್ಲಿ ವೇದಿಕೆ ಮೇಲೆ ಒದರುತ್ತಾರೆ. ಒಂಬತ್ತನೇ ಶತಮಾನದ ಆ ಕೃತಿಯ ಶ್ರೀವಿಜಯ ಇದ್ದದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಅದೇ ಕೃತಿ ಕನ್ನಡದ ತಿರುಳು ಎಂದು ಹೇಳುವ ಸೀಮೆ ಯಾವುದು? ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಮಳಖೇಡ ಆ ತಿರುಳಿನ ಹೊರಗೆ! ರಾಜನ ಅಂಗಳದ ಮಾತೇ ಸಿಪ್ಪೆಯಾದರೆ ಅಲ್ಲಿ ಕಸ ಹೊಡೆದವರ ಮಾತು ಏನು? ಆದರೆ ದೇಸಿಯ ಬಗೆಗಳನ್ನು ಎಣಿಸಲು ಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂದು ಅದೇ ಕೃತಿ ಒಪ್ಪಿಕೊಳ್ಳುತ್ತದೆ. ನಮ್ಮ ವಿಮರ್ಶಕರು ನದಿಗಳನ್ನು ನೆನಪಿಟ್ಟು ವಾಸುಕಿಯನ್ನು ಮರೆತರು. ಶಾಲೆಯಲ್ಲಿ ನಾವು 'ಹೊಂಟೀನಿ' ಎಂದು ಬರೆದಾಗ ಕೆಂಪು ಮಸಿ ಬಿದ್ದದ್ದು ಈ ಮರೆವಿನಿಂದಲೇ.

ಇನ್ನೂ ಹಿಂದಕ್ಕೆ ಹೋಗೋಣ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಅಡಿಯಲ್ಲಿ ಸಿಕ್ಕದ್ದು ಅಶೋಕನ ಶಾಸನ. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವೇ ಎದ್ದುಬಂತು. ಅಶೋಕನ ಮೂರ್ತಿ, ಮೇಲೆ ಅವನ ಹೆಸರು. ಶಾಸನದ ಭಾಷೆ ಪ್ರಾಕೃತ, ಶಿಲ್ಪಗಳ ನಂಟು ಆಂಧ್ರದ ಅಮರಾವತಿಯ ಕಡೆ. ಭೀಮೆಯ ದಂಡೆಯ ಈ ಬುದ್ಧನನ್ನು ಯಾವ 'ಕರ್ನಾಟಕ'ದ ಖಾತೆಗೆ ಬರೆಯುತ್ತೀರಿ?

ಇವತ್ತಿನ ಬದುಕಿಗೆ ಬನ್ನಿ. ರೈಲಿನವರ ನಕ್ಷೆಯೇ ಬೇರೆ: ವಾಡಿ ಸೊಲ್ಲಾಪುರದ ಕೈಯಲ್ಲಿ, ಸೇಡಂ ಸಿಕಂದರಾಬಾದಿನ ಕೈಯಲ್ಲಿ. ಚಿಂಚೋಳಿಯಿಂದ ತಾಂಡೂರಿನ ದಾರಿ ಹಿಡಿದರೆ ಕನ್ನಡ ಎಲ್ಲಿ ಮುಗೀತು, ತೆಲುಗು ಎಲ್ಲಿ ಸುರು ಆತು ಎಂದು ಬಸ್ಸಿನ ಕಂಡಕ್ಟರನೂ ಹೇಳಲಾರ. ತಾಂಡಾದ ಅಕ್ಕಂದಿರು ಗಡಿಯ ಎರಡೂ ಕಡೆ ಒಂದೇ ಲಂಬಾಣಿ ಮಾತಾಡುತ್ತಾರೆ. ಮೊಹರಂ ಬಂದರೆ ಪೀರು ಹೊರುವವರಲ್ಲಿ, ರಿವಾಯತ್ ಪದ ಹಾಡುವವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಬಿಡಿಸುವುದು ಕಷ್ಟ. ದುಡಿಯುವ ಮಂದಿಯ ಸಂಸ್ಕೃತಿ ನೀರಿನಂತೆ ಒಂದರೊಳಗೊಂದು ಇಳಿದಿದೆ.

ಹಾಗಾದರೆ ಎಲ್ಲೂ ಗೆರೆಯೇ ಇಲ್ಲವೇ? ಇದೆ ಗೆಳೆಯರೆ. ಯಾವ ನಕ್ಷೆಯಲ್ಲೂ ಇಲ್ಲದ, ಯಾವ ವಿಮರ್ಶಕನೂ ಅಳೆಯದ ಗೆರೆ ಅದು. ಕರ್ನಾಟಕ ದಾಟಿ ತೆಲಂಗಾಣಕ್ಕೆ ಹೋಗಿ, ಮಹಾರಾಷ್ಟ್ರಕ್ಕೆ ಹೋಗಿ. ಇಲ್ಲಿ ಹೊಲೆಯ, ಮಾದಿಗ. ಅಲ್ಲಿ ಮಾಲ, ಮಾದಿಗ. ಸೊಲ್ಲಾಪುರದ ಕಡೆ ಮಹಾರ, ಮಾಂಗ. ಭಾಷೆ ಮೂರು, ಕೇರಿ ಮಾತ್ರ ಎಲ್ಲ ಕಡೆಗೂ ಊರ ಹೊರಗೇ. ನೂರು ಮೈಲಿ ನಡೆದರೂ ಸಿಗದ ಗಡಿ, ಊರೊಳಗಿನ ಬಾವಿಗೆ ಹತ್ತು ಹೆಜ್ಜೆ ಇಟ್ಟರೆ ಸಿಗುತ್ತದೆ.

ಹಾಗೆಂದು ಸರ್ಕಾರದ ಗೆರೆಗಳನ್ನು ಅಳಿಸಿಬಿಡಿ ಎಂದು ನಾವು ಹೇಳುತ್ತಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಹೇಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ಸಂವಿಧಾನದ 371 (ಜೆ) ಕಲಮು ಬಂದ ಮೇಲೆ ಕಾಲೇಜಿನಲ್ಲಿ, ನೌಕರಿಯಲ್ಲಿ ಈ ಭಾಗಕ್ಕೆ ಪಾಲು ಸಿಕ್ಕಿತು. ನಮ್ಮ ಮನೆಗಳಲ್ಲಿ ಮೊದಲ ಪದವಿ ಬಂದದ್ದರಲ್ಲಿ ಅದರ ಋಣ ಇದೆ. ನಮ್ಮ ತಕರಾರು ಬೇರೆ: ಪ್ರದೇಶಕ್ಕೆ ಬಂದ ಪಾಲು ಊರ ಅಗಸಿಯಲ್ಲೇ ನಿಂತರೆ ಕೇರಿಗೆ ಮುಟ್ಟುವುದು ಯಾವಾಗ? ಭಾಷಾವಾರು ರಾಜ್ಯಗಳಲ್ಲಿ ದೊಡ್ಡ ಜಾತಿಗಳ ಕೈ ಮೇಲಾಗಿ ಸಣ್ಣ ಸಮುದಾಯಗಳು ನಲುಗುತ್ತವೆ ಎಂದು ಬಾಬಾಸಾಹೇಬರು 1955ರಲ್ಲೇ ಎಚ್ಚರಿಸಿದ್ದರು. ಪ್ರದೇಶದ ಬಗ್ಗೆ ಬರೆಯುವವರು ಅದನ್ನು ಓದದೆ ಬರೆದರೆ ಆ ಬರಹ ಗೌಡರ ಪಡಸಾಲೆಯ ವರ್ಣನೆ ಆಗುತ್ತದೆ, ಅಷ್ಟೇ.

ಈಗ ನಮಗೆ 'ಕಲ್ಯಾಣ' ಎಂಬ ಹೆಸರು ಕೊಟ್ಟಿದ್ದಾರೆ. ಒಳ್ಳೆಯ ಹೆಸರು, ಭಾರವಾದ ಹೆಸರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ರಕ್ತ ಹರಿದ ಊರು ಎಂದು ಶರಣರ ಕಥೆಗಳು ಕಲ್ಯಾಣವನ್ನು ನೆನೆಯುತ್ತವೆ. ಅಲ್ಲಿ ದಾಟಲು ನೋಡಿದ್ದು ಈ ಒಳಗಿನ ಗೆರೆಯನ್ನೇ. ಬೋರ್ಡು ಬದಲಿಸಿದವರು ಆ ಗೆರೆಯ ಸುದ್ದಿ ಎತ್ತಲಿಲ್ಲ.

ಹಳ್ಳಿಯ ಮಾಸ್ತರರೇ, ಕಾಲೇಜಿನ ಗೆಳೆಯರೇ, ನಿಮ್ಮ ಊರಿನ ನಕ್ಷೆಯನ್ನು ಮಕ್ಕಳ ಕೈಯಿಂದಲೇ ಬರೆಸಿ. ಬಾವಿ ಎಲ್ಲಿ, ಗುಡಿ ಎಲ್ಲಿ, ಖಣಿ ಎಲ್ಲಿ, ಕೇರಿ ಎಲ್ಲಿ, ಯಾರು ಎಲ್ಲಿಯವರೆಗೆ ಹೋಗಬಹುದು, ಎಲ್ಲಾ ಬರೀಲಿ. ಅವರ ಮಾತಿನಲ್ಲೇ ಬರೀಲಿ, ಕೆಂಪು ಮಸಿ ಹಾಕಬೇಡಿ. ನಮ್ಮ ಪ್ರದೇಶದ ವಿಮರ್ಶೆ ಆ ಹಾಳೆಯಿಂದ ಸುರು ಆಗಲಿ.