ಪಾತಾಳದ ಅಳಿಯ

ಗ್ರೀಕರ ಪಾತಾಳದ ದೊರೆ ಹೇಡೀಸ್ ಇಂದು ಎರಡು ವೇಷಗಳಲ್ಲಿ ನಮ್ಮೆದುರು ಬರುತ್ತಾನೆ. ಡಿಸ್ನಿಯ 1997ರ ‘ಹರ್ಕ್ಯುಲಿಸ್’ ಚಿತ್ರದಲ್ಲಿ ಅವನು ಕೂದಲಿನ ಜಾಗದಲ್ಲಿ ನೀಲಿ ಬೆಂಕಿ ಉರಿಯುವ ಖಳನಾಯಕ. ರೇಚಲ್ ಸ್ಮೈದ್ 2018ರಲ್ಲಿ ಶುರು ಮಾಡಿದ ‘ಲೋರ್ ಒಲಿಂಪಸ್’ ಎಂಬ ವೆಬ್ ಕಾಮಿಕ್ಸ್‌ನಲ್ಲಿ ಒಂಟಿತನದಲ್ಲಿ ಬೇಯುವ ಶ್ರೀಮಂತ ಪ್ರೇಮಿ. ಮೊದಲನೆಯದರಲ್ಲಿ ಅವನು ಹೊತ್ತೊಯ್ದು ಹೆಂಡತಿಯಾಗಿಸಿಕೊಂಡ ಪರ್ಸೆಫನಿಯ ಕಥೆಯೇ ಇಲ್ಲ. ಎರಡನೆಯದರಲ್ಲಿ ಅವಳ ತಾಯಿ, ಬೆಳೆಯ ದೇವತೆ ಡಿಮೀಟರ್, ಮಗಳನ್ನು ಅತಿಯಾಗಿ ಕಾಯುವ, ಪ್ರೇಮಕ್ಕೆ ಅಡ್ಡಗಾಲು ಹಾಕುವ ಹೆಂಗಸಾಗಿ ಕಾಣುತ್ತಾಳೆ. ತಾಯಿಯನ್ನು ಹೀಗೆ ಬದಿಗೆ ಸರಿಸಿದ ಯಾವ ಕೃತಿಗೂ ಹೇಡೀಸ್ ದಕ್ಕುವುದಿಲ್ಲ ಎಂಬುದು ನನ್ನ ವಾದ. ಅವನ ಬಲ ಎಷ್ಟೆಂದು ತಿಳಿಯುವುದು ಅವನು ಕಿತ್ತುಕೊಂಡ ಮನೆಯಲ್ಲೇ.

ಇದನ್ನು ಸರಿಯಾಗಿ ಅರಿತ ಕೃತಿ ‘ಡಿಮೀಟರ್ ಸ್ತೋತ್ರ’. ಹೋಮರನ ಹೆಸರಿಗೆ ಅಂಟಿಕೊಂಡು ಬಂದಿದ್ದರೂ ಇದು ಅವನ ರಚನೆಯಲ್ಲ, ಕ್ರಿ.ಪೂ. 7-6ನೇ ಶತಮಾನಗಳ ನಡುವೆ ಯಾರೋ ಹಾಡುಗಾರ ಕಟ್ಟಿದ್ದು, 495 ಸಾಲು. ಬಹುಕಾಲ ಕಳೆದೇಹೋಗಿದ್ದ ಈ ಪದ್ಯದ ಹಸ್ತಪ್ರತಿ 1777ರಲ್ಲಿ ಮಾಸ್ಕೋದಲ್ಲಿ ಜರ್ಮನ್ ವಿದ್ವಾಂಸ ಮತ್ತೈ ಅವರ ಕಣ್ಣಿಗೆ ಬಿತ್ತು. ಈಗ ಅದು ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿದೆ. ಒಂದು ಹಾಳೆ ಹರಿದಿದೆ, ಅದೂ ತಾಯಿ ಮಗಳು ಮತ್ತೆ ಒಂದಾಗುವ ಸಾಲುಗಳಲ್ಲೇ.

ಪದ್ಯ ಶುರುವಾಗುವುದು ಹೂ ಕೊಯ್ಯುವ ಹುಡುಗಿ ಪರ್ಸೆಫನಿಯಿಂದ. ಗುಲಾಬಿ, ಕೇಸರಿ, ನೇರಳೆ ಬಣ್ಣದ ಕಾಡುಹೂಗಳ ನಡುವೆ ಒಂದೇ ಬೇರಿನಿಂದ ನೂರು ಹೂ ಬಿಟ್ಟ ನಾರ್ಸಿಸಸ್ ಎದ್ದು ನಿಲ್ಲುತ್ತದೆ. ಅದನ್ನು ಬೆಳೆಸಿದವಳು ಭೂಮಿ. ಬೆಳೆಸಲು ಹೇಳಿದವನು ದೇವತೆಗಳ ಒಡೆಯ ಜೀಯಸ್. ಹುಡುಗಿ ಎರಡೂ ಕೈ ಚಾಚುತ್ತಿದ್ದಂತೆ ನೆಲ ಬಿರಿದು ಹೇಡೀಸ್ ರಥ ಏರಿ ಬರುತ್ತಾನೆ. ಅವಳು ಕೂಗುತ್ತಾಳೆ. ಯಾರನ್ನು? ಅಪ್ಪ ಜೀಯಸನನ್ನು. ಅವಳನ್ನು ಕೊಟ್ಟವನು ಆ ಅಪ್ಪನೇ. ಆ ಹೊತ್ತಿನಲ್ಲಿ ಅವನು ಎಲ್ಲೋ ದೂರದ ಗುಡಿಯಲ್ಲಿ ಕುಳಿತು ಜನರು ತಂದ ನೈವೇದ್ಯ ಸ್ವೀಕರಿಸುತ್ತಿದ್ದಾನೆ. ಕವಿ ಇಲ್ಲಿ ಒಂದು ಕಟುಮಾತನ್ನೂ ಆಡುವುದಿಲ್ಲ. ಅಪ್ಪ ಎಲ್ಲಿ ಕುಳಿತಿದ್ದ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಇಷ್ಟು ಭಯಂಕರವಾದ ದೃಶ್ಯವನ್ನು ಇಷ್ಟು ತಣ್ಣಗೆ ಹೇಳಿದ ಇನ್ನೊಂದು ಪದ್ಯ ನನಗೆ ಗ್ರೀಕ್ ಸಾಹಿತ್ಯದಲ್ಲಿ ಸಿಕ್ಕಿಲ್ಲ.

ಆ ಕೂಗನ್ನು ಗುಹೆಯಲ್ಲಿದ್ದ ದೇವತೆ ಹೆಕಟಿ ಕೇಳಿಸಿಕೊಳ್ಳುತ್ತಾಳೆ, ಸೂರ್ಯ ಹೀಲಿಯೋಸ್ ಕೇಳಿಸಿಕೊಳ್ಳುತ್ತಾನೆ, ಬೆಟ್ಟಗಳಲ್ಲಿ ಮಾರ್ದನಿಸಿ ಕೊನೆಗೆ ತಾಯಿಗೂ ಕೇಳುತ್ತದೆ. ಒಂಬತ್ತು ದಿನ ಊಟ ನೀರಿಲ್ಲದೆ, ಸ್ನಾನವಿಲ್ಲದೆ ಪಂಜು ಹಿಡಿದು ಅಲೆದ ತಾಯಿಗೆ ನಿಜ ಹೇಳುವವನು ಹೀಲಿಯೋಸ್. ಹೇಳಿದವನು ಸಮಾಧಾನವನ್ನೂ ಮಾಡುತ್ತಾನೆ: ಹುಡುಗ ಕಳಪೆಯವನಲ್ಲ, ನಿನ್ನ ಒಡಹುಟ್ಟಿದವನೇ, ಜಗತ್ತನ್ನು ಮೂರು ಪಾಲು ಮಾಡಿದಾಗ ಒಂದು ಪಾಲಿಗೆ ಒಡೆಯನಾದವನು, ಅಳಿಯನಾಗಲು ಏನು ಕಡಿಮೆ? ಕನ್ನಡದ ಓದುಗರಿಗೆ ಈ ಮಾತಿನ ಧಾಟಿ ವಿವರಿಸಬೇಕಿಲ್ಲ. ತಾಯಿಯ ಕಡೆಯಿಂದ ನಮ್ಮ ಲೆಕ್ಕದಲ್ಲಿ ಹೇಡೀಸ್ ಹುಡುಗಿಗೆ ಸೋದರಮಾವ. ಆಸ್ತಿವಂತ, ಕುಲ ಗೊತ್ತಿದ್ದವನು. ಅಥೆನ್ಸ್‌ನಲ್ಲೂ ಮದುವೆ ಎಂದರೆ ಹುಡುಗಿಯ ತಂದೆಗೂ ವರನಿಗೂ ನಡುವಿನ ಒಪ್ಪಂದ. ಹುಡುಗಿಯ ಒಪ್ಪಿಗೆಯನ್ನು ಕಾನೂನು ಕೇಳುತ್ತಿರಲಿಲ್ಲ. ಹಾಗಾಗಿ ಈ ಪದ್ಯ ಕೇಳುತ್ತಿದ್ದವರಿಗೆ ಇದು ದೇವತೆಗಳ ಸುದ್ದಿ ಮಾತ್ರವಾಗಿರಲು ಸಾಧ್ಯವಿಲ್ಲ. ಮದುವೆ ಸಾವಿಗೆ ಎಷ್ಟು ಹತ್ತಿರ ಎಂಬುದು ಅವರಿಗೆ ಗೊತ್ತಿತ್ತು. ಅಟ್ಟಿಕದ ಮೆರೆಂಡಾದಲ್ಲಿ 1972ರಲ್ಲಿ ಸಿಕ್ಕ ಫ್ರಾಸಿಕ್ಲಿಯಾಳ ಪ್ರತಿಮೆ ಇದಕ್ಕೆ ಸಾಕ್ಷಿ. ಮದುವೆಗೆ ಮುನ್ನ ತೀರಿಕೊಂಡ ಹುಡುಗಿಯ ಸಮಾಧಿಗೆಂದು ಪಾರೋಸ್‌ನ ಅರಿಸ್ಟಿಯನ್ ಕ್ರಿ.ಪೂ. 6ನೇ ಶತಮಾನದ ನಡುವಿನಲ್ಲಿ ಕಡೆದದ್ದು ಅದು. ತಲೆಯ ಮೇಲೆ ಮೊಗ್ಗುಗಳ ಕಿರೀಟ, ಕೈಯಲ್ಲೊಂದು ಮೊಗ್ಗು. ಮದುವೆಯ ಬದಲಿಗೆ ದೇವರು ತನಗೆ ಎಂದೆಂದಿಗೂ ಕನ್ಯೆಯೆಂಬ ಹೆಸರನ್ನು ಕೊಟ್ಟರೆಂದು ಅವಳೇ ಹೇಳುವಂತೆ ಕೆಳಗೆ ಶಾಸನವಿದೆ.

ಇನ್ನು ಹೇಡೀಸ್. ಅವನು ನಮ್ಮ ಯಮನಂತೆ ಪಾಪಪುಣ್ಯ ತೂಗುವವನಲ್ಲ. ಗ್ರೀಕರಲ್ಲಿ ಆ ಕೆಲಸವನ್ನು ಪ್ಲೇಟೋ ಮೀನೋಸ್, ರಾಡಮಾಂಥಿಸ್, ಈಯಕಸ್ ಎಂಬ ಮೂವರಿಗೆ ವಹಿಸಿದ. ಪ್ರಾಣ ಒಯ್ಯುವವನೂ ಅವನಲ್ಲ. ಅವನು ಬಂದವರನ್ನು ಇಟ್ಟುಕೊಳ್ಳುವ ಯಜಮಾನ, ಬಿಟ್ಟುಕೊಡದವನು. ಜನ ಅವನನ್ನು ಪೂಜಿಸಿದ್ದು ಕಡಿಮೆ. ಎಲಿಸ್‌ನಲ್ಲಿ ಅವನಿಗೊಂದು ಗುಡಿಯಿತ್ತು, ಅದರ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತಿತ್ತು, ಆಗಲೂ ಪೂಜಾರಿಯ ಹೊರತು ಯಾರೂ ಒಳಗೆ ಹೋಗುವಂತಿರಲಿಲ್ಲವೆಂದು ಗ್ರೀಕ್ ಪ್ರವಾಸಿ ಲೇಖಕ ಪೌಸನಿಯಸ್ ಬರೆದಿದ್ದಾನೆ.

ಸ್ತೋತ್ರದಲ್ಲಿ ಈ ಯಜಮಾನ ಬಾಯಿ ತೆರೆಯುವುದು ಒಂದೇ ಸಲ. ಡಿಮೀಟರ್ ಬೆಳೆಗಳನ್ನೆಲ್ಲ ತಡೆದು ಬರಗಾಲ ತಂದಾಗ ಮನುಷ್ಯರ ಜೊತೆ ದೇವತೆಗಳ ನೈವೇದ್ಯವೂ ನಿಂತುಹೋಗುತ್ತದೆ. ಆಗ ಜೀಯಸ್ ಮಗಳನ್ನು ಕರೆತರಲು ದೂತ ಹರ್ಮೀಸನನ್ನು ಕೆಳಗೆ ಅಟ್ಟುತ್ತಾನೆ. ಹೇಡೀಸ್ ಸಿಟ್ಟಾಗುವುದಿಲ್ಲ, ವಾದ ಮಾಡುವುದಿಲ್ಲ. ಹುಬ್ಬಿನಲ್ಲೇ ನಕ್ಕು, ತಾಯಿಯ ಬಳಿಗೆ ಹೋಗು ಎಂದು ಪರ್ಸೆಫನಿಗೆ ಹೇಳುತ್ತಾನೆ. ತಾನು ಅಯೋಗ್ಯ ಗಂಡನಲ್ಲ, ಇಲ್ಲಿದ್ದಾಗ ಉಸಿರಾಡುವ ಎಲ್ಲದಕ್ಕೂ ಅವಳೇ ಒಡತಿ, ಅವಳನ್ನು ತೃಪ್ತಿಪಡಿಸದವರಿಗೆ ಶಿಕ್ಷೆ ತಪ್ಪಿದ್ದಲ್ಲ ಎಂದು ಮರ್ಯಾದೆಯಿಂದ ಹೇಳುತ್ತಾನೆ. ಅವಳು ಸಂತೋಷದಿಂದ ಜಿಗಿದೇಳುತ್ತಾಳೆ. ಅಷ್ಟರಲ್ಲಿ ಅವಳು ಸದಾ ತಾಯಿಯ ಬಳಿಯೇ ಉಳಿಯದಿರಲೆಂದು, ಅತ್ತಿತ್ತ ನೋಡಿ ದಾಳಿಂಬೆಯ ಒಂದು ಕಾಳನ್ನು ಅವಳಿಗೆ ತಿನ್ನಿಸಿಬಿಡುತ್ತಾನೆ.

ಆ ಕಾಳಿನ ಬಗ್ಗೆ ಪದ್ಯದಲ್ಲೇ ಎರಡು ಹೇಳಿಕೆಗಳಿವೆ. ಕವಿಯ ಪ್ರಕಾರ ಅವನು ಕದ್ದುಮುಚ್ಚಿ ಕೊಟ್ಟ. ಪರ್ಸೆಫನಿ ತಾಯಿಯ ಮುಂದೆ ಹೇಳುವಾಗ, ಬೇಡವೆಂದರೂ ಬಲವಂತದಿಂದ ತಿನ್ನಿಸಿದ ಎನ್ನುತ್ತಾಳೆ. ಮಗಳು ತಾಯಿಗೆ ನೋವಾಗದಿರಲೆಂದು ಮಾತು ತಿದ್ದಿದಳೇ? ಅಥವಾ ಅವಳು ಹೇಳಿದ್ದೇ ನಿಜವೇ? ಕವಿ ತೀರ್ಪು ಕೊಡುವುದಿಲ್ಲ. ಇಂದಿನ ಪ್ರೇಮಕಥೆಗಳೆಲ್ಲ ಕಾಲಿಡುವುದು ಈ ಬಿರುಕಿನಲ್ಲೇ: ಅವಳು ಬೇಕೆಂದೇ ತಿಂದಳು ಎನ್ನುತ್ತವೆ. ಹುಡುಗಿಗೆ ಅವಳದೇ ಇಚ್ಛೆ ಕೊಡಬೇಕೆಂಬ ಆಸೆ ಒಳ್ಳೆಯದೇ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅವಳು ಸ್ಪಷ್ಟವಾಗಿ ಆಡಿದ ಒಂದೇ ಸಾಕ್ಷ್ಯದ ಮಾತನ್ನು ಅಳಿಸಿ ಆ ಇಚ್ಛೆಯನ್ನು ಕೊಡುವುದು ಅವಳಿಗೆ ಮಾಡುವ ನ್ಯಾಯವಲ್ಲ.

ಪದ್ಯದ ನಡುವೆ ಬರುವ, ಎಲ್ಯೂಸಿಸ್ ಎಂಬ ಊರಿನ ಅರಮನೆಯ ಪ್ರಸಂಗವನ್ನು ಕೆಲವರು ಕಥೆಗೆ ಸೇರದ ತೇಪೆ ಎಂದು ಭಾವಿಸುತ್ತಾರೆ. ಮುದುಕಿಯ ವೇಷದ ಡಿಮೀಟರ್ ಅಲ್ಲಿ ದಾದಿಯಾಗಿ ರಾಣಿಯ ಕೂಸು ಡೆಮೊಫೋನನನ್ನು ರಾತ್ರಿ ಬೆಂಕಿಯಲ್ಲಿಟ್ಟು ಅಮರನನ್ನಾಗಿಸಲು ಹೊರಡುತ್ತಾಳೆ, ಹೆತ್ತವಳು ನೋಡಿ ಚೀರುತ್ತಾಳೆ, ಕೆಲಸ ಕೆಡುತ್ತದೆ. ನನಗೆ ಇದು ಪದ್ಯದ ನಡುಗಂಬ. ಮಗಳನ್ನು ಪಾತಾಳ ನುಂಗಿದ ಮೇಲೆ ತಾಯಿಯೊಬ್ಬಳು ಇನ್ನೊಬ್ಬಳ ಮಗುವನ್ನು ಆ ಪಾತಾಳಕ್ಕೆ ಸಿಗದಂತೆ ಮಾಡಲು ನೋಡಿ ಸೋಲುತ್ತಾಳೆ.

ಚಿತ್ರಶಿಲ್ಪಗಳಲ್ಲೂ ನನ್ನ ಅಳತೆ ಇದೇ: ತಾಯಿಗೆ ಎಷ್ಟು ಜಾಗ. ಉತ್ತರ ಗ್ರೀಸ್‌ನ ವರ್ಜಿನಾದಲ್ಲಿ 1977ರಲ್ಲಿ ಮಾನೊಲಿಸ್ ಆಂಡ್ರೊನಿಕೋಸ್ ತೆರೆದ ಕ್ರಿ.ಪೂ. 4ನೇ ಶತಮಾನದ ಸಮಾಧಿಯ ಗೋಡೆಯಲ್ಲಿ ರಥ ಓಡುತ್ತಿದೆ, ಪರ್ಸೆಫನಿ ಹಿಂದಕ್ಕೆ ಬಾಗಿ ತೋಳು ಚಾಚಿದ್ದಾಳೆ, ಗೆಳತಿಯೊಬ್ಬಳು ನೆಲದಲ್ಲಿ ಮುದುಡಿದ್ದಾಳೆ. ಪಕ್ಕದ ಗೋಡೆಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಕುಳಿತಿದ್ದಾಳೆ. ಡಿಮೀಟರ್ ಎಂದೇ ಅವಳನ್ನು ಗುರುತಿಸಲಾಗಿದೆ. ರೋಮ್‌ನ ಬೋರ್ಗೀಸ್ ಸಂಗ್ರಹಾಲಯದಲ್ಲಿರುವ ಇದೇ ಅಪಹರಣದ ಬರ್ನಿನಿಯ ಶಿಲ್ಪ 1621-22ರದ್ದು. ಅಮೃತಶಿಲೆಯ ತೊಡೆಯಲ್ಲಿ ಬೆರಳುಗಳು ಹುಗಿದಿರುವುದನ್ನು, ಕೆನ್ನೆಯ ಮೇಲಿನ ಕಣ್ಣೀರನ್ನು ನೋಡಿ ಬೆರಗಾಗದವರಿಲ್ಲ. ಕೈಚಳಕದಲ್ಲಿ ವರ್ಜಿನಾದ ಚಿತ್ರಗಾರ ಬರ್ನಿನಿಗೆ ಸಾಟಿಯಲ್ಲ. ಆದರೂ ಬರ್ನಿನಿಯಲ್ಲಿ ಉಳಿಯುವುದು ಎರಡು ದೇಹಗಳ ಹೋರಾಟ ಮಾತ್ರ. ಸಮಾಧಿಯ ಗೋಡೆಯಲ್ಲಿ ಸತ್ತವರನ್ನು ಕಳೆದುಕೊಂಡವರ ಪಾಲೂ ಇದೆ.

ಸ್ತೋತ್ರಕ್ಕೂ ಕುಂದಿದೆ. ಲೋಕವನ್ನೇ ಹಸಿವಿಗೆ ದೂಡಿ ದೇವತೆಗಳನ್ನು ಬಗ್ಗಿಸಿದ ತಾಯಿ ಕೊನೆಗೆ ತನ್ನ ತಾಯಿ ರೀಯಾಳ ಸಂಧಾನದ ಮಾತಿಗೆ ಕೆಲವೇ ಸಾಲುಗಳಲ್ಲಿ ಒಪ್ಪಿಬಿಡುತ್ತಾಳೆ: ವರ್ಷದ ಮೂರನೇ ಒಂದು ಭಾಗ ಕೆಳಗೆ, ಉಳಿದದ್ದು ಮೇಲೆ. ಜೀಯಸನನ್ನು ಯಾರೂ ಪ್ರಶ್ನಿಸುವುದಿಲ್ಲ. ಮಗಳನ್ನೂ ಯಾರೂ ಕೇಳುವುದಿಲ್ಲ. ಎಲ್ಯೂಸಿಸ್‌ನ ರಹಸ್ಯ ವಿಧಿಗಳು ಹೇಗೆ ಹುಟ್ಟಿದವೆಂದು ಹೇಳುವ ಹೊಣೆ ಕವಿಯ ಮೇಲಿತ್ತು, ಅದಕ್ಕೇ ಈ ಅವಸರವೆಂದು ಒಪ್ಪಬಹುದು. ಕಾವ್ಯದ ದೃಷ್ಟಿಯಿಂದ ಅದು ನಷ್ಟವೇ.

ಅಷ್ಟಾದರೂ ಹೇಡೀಸನ ಬಗ್ಗೆ ಒಂದೇ ಕೃತಿ ಓದಲು ಬಿಡುವಿರುವವರು ಇದನ್ನೇ ಓದಬೇಕು. ಹೆಲೀನ್ ಫೋಲಿ ಅವರು 1994ರಲ್ಲಿ ಹೊರತಂದ ಇಂಗ್ಲಿಷ್ ಅನುವಾದ ವ್ಯಾಖ್ಯಾನದೊಂದಿಗೆ ಸಿಗುತ್ತದೆ. ಪದ್ಯ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಹೊಸ ಪ್ರೇಮಕಥೆಗಳನ್ನು ಆಮೇಲೆ ಓದಿ, ಓದುವಾಗ ಡಿಮೀಟರಳಿಗೆ ಅವು ಎಷ್ಟು ಜಾಗ ಕೊಟ್ಟಿವೆ ಎಂದು ನೋಡಿ.