ಮುಖವಿಲ್ಲದ ಪಾತ್ರ: ಹಳೆಯ ಕಾರ್ಟೂನು ಚಿತ್ರಗಳಲ್ಲಿ ಜನಾಂಗನಿರೂಪಣೆ

ಮಕ್ಕಳ ವಿನೋದಕ್ಕೆಂದು ನಿರ್ಮಿತವಾದ ವಸ್ತುವು ಇತಿಹಾಸಕಾರನ ಗಮನಕ್ಕೆ ಅರ್ಹವಲ್ಲವೆಂಬ ಭಾವನೆ ನಮ್ಮ ವಿದ್ವದ್ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಶಾಸನಗಳನ್ನೂ ಕಡತಗಳನ್ನೂ ಶೋಧಿಸುವ ನಾವು, ಏಳೆಂಟು ನಿಮಿಷಗಳ ಕಾರ್ಟೂನು ಚಿತ್ರವನ್ನು ನೋಡಿ ನಕ್ಕು ಮರೆತುಬಿಡುತ್ತೇವೆ. ಆದರೆ ಒಂದು ಕಾಲದ ಜನರು ಯಾರನ್ನು ಪೂಜಿಸಿದರೆಂಬುದರಷ್ಟೇ, ಯಾರನ್ನು ನೋಡಿ ನಕ್ಕರೆಂಬುದೂ ಚರಿತ್ರೆಗೆ ಆಧಾರವೇ ಸರಿ.

ಸೂಪಾ, ಹಳಿಯಾಳ, ಮುಂಡಗೋಡಗಳ ಅಧ್ಯಾಪಕರಿಗೆ ಈ ಪ್ರಶ್ನೆ ದೂರದ್ದಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಘಟ್ಟದ ಕಾಡುಗಳಲ್ಲಿ ಆಶ್ರಯ ಪಡೆದವರ ಸಂತತಿಯೆಂದು ತಿಳಿಯಲಾಗುವ ಸಿದ್ದಿಯರು ಈ ಸೀಮೆಯ ನಿವಾಸಿಗಳು. ಹಿಂದು, ಮುಸಲ್ಮಾನ, ಕ್ರೈಸ್ತ ಮೂರೂ ಮತಗಳು ಅವರಲ್ಲಿವೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆಯಿತು. ಟಾಮ್ ಮತ್ತು ಜೆರ್ರಿಯ ಆಟವನ್ನು ನೋಡಿ ನಗುವ ಮಕ್ಕಳಲ್ಲಿ ಇವರ ಮಕ್ಕಳೂ ಸೇರಿದ್ದಾರೆ.

ಹಾನಾ ಮತ್ತು ಬಾರ್ಬೆರಾ ಅವರು 1940ರಲ್ಲಿ ಆರಂಭಿಸಿದ ಆ ಮಾಲೆಯ ಮೊದಲ ಚಿತ್ರದಲ್ಲಿಯೇ ಕಪ್ಪು ವರ್ಣದ ಹೆಂಗಸೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಕಾಣಿಸುವುದೆಂದರೆ ಕಾಲುಗಳು, ಸೆರಗುವಸ್ತ್ರ, ಪೊರಕೆ, ಮುಖವಿಲ್ಲ. ಆಕೆಗೆ ಧ್ವನಿಯಿತ್ತವರು ಕಪ್ಪು ಜನಾಂಗದವರೇ ಆದ ಸಮರ್ಥ ನಟಿ ಲಿಲಿಯನ್ ರಾಂಡಾಲ್ಫ್.

ಉತ್ಪ್ರೇಕ್ಷೆ ಕಾರ್ಟೂನಿನ ಸಹಜಧರ್ಮ, ಅದರಲ್ಲಿ ದೋಷವೆಣಿಸುವುದು ಅರಸಿಕತೆ ಎಂದು ಕೆಲವರು ಆಕ್ಷೇಪಿಸಬಹುದು. ಉತ್ಪ್ರೇಕ್ಷೆಯನ್ನು ನಾವೂ ಒಪ್ಪುತ್ತೇವೆ. ಆದರೆ ಅದೇ ಚಿತ್ರದಲ್ಲಿ ಬೆಕ್ಕು ಯೋಚಿಸುತ್ತದೆ, ಆಸೆಪಡುತ್ತದೆ, ಸೋತು ಮರುಗುತ್ತದೆ. ಬೆಕ್ಕಿಗೆ ದೊರೆತ ಅಂತರಂಗ ಆ ಹೆಂಗಸಿಗೆ ದೊರೆಯಲಿಲ್ಲ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರಂಗಭೂಮಿಯಿಂದ ಅಂದಿನ ಚಿತ್ರಕಾರರು ಸಿದ್ಧರೂಪಗಳನ್ನು ಎರವಲು ಪಡೆದರು; ಜೀವಂತ ಮನುಷ್ಯರನ್ನು ನೋಡಿ ಬರೆಯಲಿಲ್ಲ.

ಈ ದೋಷಕ್ಕೆ ಮಾಡಿದ ಪರಿಹಾರವು ಮತ್ತೊಂದು ದೋಷವಾಯಿತು. 1950ರ ‘ಸ್ಯಾಟರ್ಡೇ ಈವ್ನಿಂಗ್ ಪಸ್’ ಚಿತ್ರದಲ್ಲಿ ಆಕೆ ಶನಿವಾರದ ಸಂಜೆ ಸಿಂಗರಿಸಿಕೊಂಡು ಇಸ್ಪೀಟಿನಾಟಕ್ಕೆ ಹೊರಡುತ್ತಾಳೆ. ಓಡಿಬರುವಾಗ ಕ್ಷಣಮಾತ್ರ ಮುಖವೂ ಕಾಣುತ್ತದೆ. ಆಕೆಗೂ ಸ್ವಂತದ ಒಂದು ಬದುಕಿದೆಯೆಂದು ಸೂಚಿಸಿದ ಅಪೂರ್ವ ಚಿತ್ರವಿದು. ದೂರದರ್ಶನದ ಪ್ರಸಾರಕ್ಕೆಂದು 1960ರ ದಶಕದಲ್ಲಿ ಆಕೆಯನ್ನೇ ಅಳಿಸಿ, ಆ ಸ್ಥಾನದಲ್ಲಿ ಬಿಳಿಯ ತರುಣಿಯೊಬ್ಬಳನ್ನು ಬರೆಯಲಾಯಿತು. ವಾರ್ನರ್ ಸಂಸ್ಥೆಯ ಹನ್ನೊಂದು ಚಿತ್ರಗಳು 1968ರಲ್ಲಿ ಪ್ರಸಾರದಿಂದಲೇ ಹಿಂತೆಗೆಯಲ್ಪಟ್ಟವು. ಅಣಕಿಸುವುದು ಅನ್ಯಾಯವಾದರೆ, ಅಣಕಿಸಿದ್ದೇ ಇಲ್ಲವೆಂಬಂತೆ ತೋರಿಸುವುದು ಸಾಕ್ಷ್ಯನಾಶ.

ನಮ್ಮ ದೇಶದ ಮಾದರಿಯೂ ವಿಚಾರಾರ್ಹವೇ. ವಿಜಯಾ ಮುಳೆಯವರ ನಿರ್ದೇಶನದಲ್ಲಿ 1974ರಲ್ಲಿ ಬಂದ ‘ಏಕ್ ಅನೇಕ್ ಔರ್ ಏಕತಾ’ ಯಾರನ್ನೂ ಹೀಯಾಳಿಸದೆ ಏಕತೆಯನ್ನು ಬೋಧಿಸಿತು. ಅದರ ಹಿರಿಮೆಯನ್ನು ಅಲ್ಲಗಳೆಯಲಾಗದು. ಬಲೆಯೊಡನೆ ಹಾರಿದ ಹಕ್ಕಿಗಳ ಐಕಮತ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಬಲೆಯನ್ನು ಕಡಿದದ್ದು ಹಕ್ಕಿಗಳಲ್ಲ, ಇಲಿಗಳು. ಭಿನ್ನಜಾತಿಯ ಪ್ರಾಣಿಯ ನೆರವಿಲ್ಲದೆ ಬಿಡುಗಡೆಯಿಲ್ಲವೆಂಬ ಈ ಅಂಶವೇ ಕಥೆಯ ತಿರುಳೆಂದು ನಮಗೆ ತೋರುತ್ತದೆ. ಪಾಠದಲ್ಲಿ ಎತ್ತಿಹೇಳಬೇಕಾದದ್ದೂ ಅದೇ.

ಹಾಗಾದರೆ ಹಳೆಯ ಚಿತ್ರಗಳನ್ನು ತರಗತಿಯಲ್ಲಿ ತೋರಿಸಬೇಕೆ? ತೋರಿಸಬೇಕೆಂಬುದೇ ನಮ್ಮ ಮತ, ಆದರೆ ಕ್ರಮವರಿತು. ಮೊದಲು ಸಿದ್ದಿಯರ ಚರಿತ್ರೆ, ಅವರ ಡಮಾಮಿ ವಾದ್ಯ, 2020ರಲ್ಲಿ ವಿಧಾನಪರಿಷತ್ತನ್ನು ಪ್ರವೇಶಿಸಿದ ಶಾಂತಾರಾಮ ಸಿದ್ದಿಯವರವರೆಗಿನ ಅವರ ನಡೆ ಪಾಠವಾಗಲಿ. ಬಳಿಕ ರಾಂಡಾಲ್ಫರ ಹೆಸರು ಹೇಳಿ ಚಿತ್ರ ತೋರಿಸೋಣ. ಈ ಕ್ರಮ ತಪ್ಪಿದರೆ, ಹಿಂದಿನ ಬೆಂಚಿನ ಸಿದ್ದಿ ವಿದ್ಯಾರ್ಥಿಯತ್ತ ಇಡೀ ತರಗತಿಯ ಕಣ್ಣು ಹೊರಳೀತು. ಆಗ ಆಧಾರವಾಗಬೇಕಾದ ಚಿತ್ರವೇ ಅವಮಾನವಾದೀತು.

ಕಾಳೀ ನದಿಯ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ, ಹೆಸರು ಅಣೆಕಟ್ಟಿಗೆ ಉಳಿಯಿತು. ಕಣ್ಣಿಗೆ ಕಾಣದ್ದು ಇರಲೇ ಇಲ್ಲವೆಂದು ಈ ಸೀಮೆಯವರು ಹೇಳಲಾರರು.