ಖಾತೆಯ ಎರಡೂ ಕಡೆ

ನಾನು ಕಲಾವಿಮರ್ಶಕನಲ್ಲ. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ, ಲೆಡ್ಜರು ತಿರುವುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಸರ್ವಿಸ್ಸಿನ ಇಪ್ಪತ್ತು ವರ್ಷ ದೆಹಲಿಯಲ್ಲೇ ಕಳೆದುಹೋಯಿತು. ಆದ್ದರಿಂದ ಒಂದು ಪ್ರದರ್ಶನದ ಬಗ್ಗೆ ನಾಲ್ಕು ಮಾತು ಬರೆಯಹೊರಟರೆ ಅದರಲ್ಲಿ ಜಮಾ-ಖರ್ಚಿನ ವಾಸನೆ ಬಂದೀತು, ಓದುಗರು ಮನ್ನಿಸಬೇಕು.

2014ರ ಅಕ್ಟೋಬರಿನಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ 'ಭಾರತದಲ್ಲಿ ಆಫ್ರಿಕನ್ನರು: ಒಂದು ಮರುಶೋಧ' ಎಂಬ ಪ್ರದರ್ಶನ ಬಂದಿತ್ತು. ಅದನ್ನು ಸಿದ್ಧಪಡಿಸಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರ. ಅಲ್ಲಿಯ ಸಾರ್ವಜನಿಕ ಗ್ರಂಥಾಲಯದ ಒಂದು ಅಂಗ ಅದು. ಆ ಹೆಸರಿನ ಹಿಂದಿರುವ ಮನುಷ್ಯ ಯಾರೆಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಯಾಕೆಂದರೆ ಅವನೂ ಬ್ಯಾಂಕಿನವನೇ! ಆರ್ತುರೊ ಶೋಂಬರ್ಗ್ ಪೋರ್ಟೊ ರಿಕೊದಲ್ಲಿ 1874ರಲ್ಲಿ ಹುಟ್ಟಿದವನು. ನ್ಯೂಯಾರ್ಕಿನ ಒಂದು ಬ್ಯಾಂಕಿನ ಟಪಾಲು ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ. 'ಕಪ್ಪು ಜನರಿಗೆ ಇತಿಹಾಸವೇ ಇಲ್ಲ' ಅಂತ ಚಿಕ್ಕವನಿದ್ದಾಗ ಶಾಲೆಯಲ್ಲಿ ಯಾರೋ ಹೇಳಿದ್ದರಂತೆ. ಅದೇ ಹಟಕ್ಕೆ ಸಂಬಳದಲ್ಲಿ ಉಳಿಸಿ ಉಳಿಸಿ ಸಾವಿರಾರು ಪುಸ್ತಕ, ಹಸ್ತಪ್ರತಿ, ಚಿತ್ರ ಕೂಡಿಹಾಕಿದ. 1926ರಲ್ಲಿ ಆ ಸಂಗ್ರಹ ಹತ್ತು ಸಾವಿರ ಡಾಲರಿಗೆ ಗ್ರಂಥಾಲಯದ ಪಾಲಾಯಿತು.

ಅದೇ 1926ರಲ್ಲಿ, ಗುಲಾಮರಾಗಿದ್ದ ತಂದೆತಾಯಿಯ ಮಗ ಕಾರ್ಟರ್ ವುಡ್ಸನ್ ಫೆಬ್ರವರಿಯ ಒಂದು ವಾರವನ್ನು ಕಪ್ಪು ಜನರ ಚರಿತ್ರೆಗೆ ಮೀಸಲಿಟ್ಟ. ಶಾಲೆಗಳಿಗೆ ಪಾಠ, ಚಿತ್ರ, ಆಡಲು ಪುಟ್ಟ ನಾಟಕಗಳು ಹೋಗುತ್ತಿದ್ದವು. 1976ರಿಂದ ಅದು ಇಡೀ ತಿಂಗಳಾಯಿತು. ಆ ಹಬ್ಬವನ್ನು ಶುರು ಮಾಡಿದವರು ಆ ಜನರೇ, ಮಾತಾಡಿದವರೂ ಅವರೇ. ಈ ಒಂದು ಅಂಶ ನೆನಪಿಟ್ಟುಕೊಳ್ಳಿ.

ಈಗ ಪ್ರದರ್ಶನಕ್ಕೆ ಬರೋಣ. ಹಳೆಯ ಚಿತ್ರಗಳ ಪ್ರತಿಗಳು, ಫೋಟೋಗಳು, ಬರಹದ ಫಲಕಗಳು. ಇಥಿಯೋಪಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ಆಡಳಿತವನ್ನೇ ಹಿಡಿದು ಜಹಾಂಗೀರನ ಸೈನ್ಯಕ್ಕೆ ನೀರು ಕುಡಿಸಿದ ಮಲಿಕ್ ಅಂಬರ್ ಅಲ್ಲಿದ್ದ. ಅರಬ್ಬೀ ಸಮುದ್ರದ ನಡುವಿನ ಜಂಜೀರಾ ಕೋಟೆಯ ಸಿದ್ದಿ ನವಾಬರಿದ್ದರು. ನಮ್ಮ ಬಿಜಾಪುರದ ಇಖ್ಲಾಸ್ ಖಾನನೂ ಇದ್ದ! ಗೋಳಗುಮ್ಮಟ ಕಟ್ಟಿಸಿದ ಮಹಮದ್ ಆದಿಲ್ ಶಾಹನ ಕಾಲದ ಪ್ರಬಲ ಮಂತ್ರಿ ಇವನು, ಹಬಶಿ. ಶಾಲೆಯ ಟೂರಿನಲ್ಲಿ ಹೋಗಿ ಆ ಗುಮ್ಮಟದಡಿ ಗಂಟಲು ಹರಿಯುವಂತೆ ಕೂಗಿ ಏಳು ಸಲ ಪ್ರತಿಧ್ವನಿ ಕೇಳಿ ಬಂದವನು ನಾನು. ಇಖ್ಲಾಸ್ ಖಾನನ ಹೆಸರನ್ನು ಮಾತ್ರ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಇದಿಷ್ಟಕ್ಕೇ ಪ್ರದರ್ಶನಕ್ಕೆ ಸಾವಿರ ನಮಸ್ಕಾರ.

ಆದರೆ ಹೊರಗೆ ಬಂದಮೇಲೆ ಲೆಕ್ಕ ಟ್ಯಾಲಿ ಆಗಲಿಲ್ಲ.

ಮೊದಲನೆಯದು ಹೆಸರು. 2013ರಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕಿದ್ದ ಉಪಶೀರ್ಷಿಕೆ 'ಗುಲಾಮರಿಂದ ಸೇನಾಪತಿ, ಅರಸರವರೆಗೆ' ಎಂದು. ಏಣಿ ಮೇಲಕ್ಕೆ ಮಾತ್ರ ಹೋಗುತ್ತದೆ. ಜಮಾ ಕಡೆ ತುಂಬಿದೆ, ಖರ್ಚಿನ ಕಡೆ? ಪೋರ್ಚುಗೀಸರು ಗೋವೆಗೆ ಹೊತ್ತುತಂದ ಗುಲಾಮರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಯಲ್ಲಾಪುರ, ಹಳಿಯಾಳ, ಮುಂಡಗೋಡಿನಲ್ಲಿದ್ದಾರೆ. ಅವರು ಸೇನಾಪತಿಗಳಾಗಲಿಲ್ಲ. ಅಂಥವರ ಚರಿತ್ರೆ ಆ ಏಣಿಯ ಯಾವ ಮೆಟ್ಟಿಲ ಮೇಲೆ ಕೂರಬೇಕು?

ಎರಡನೆಯದು 'ಮರುಶೋಧ'. ಕಳೆದುಹೋದದ್ದನ್ನು ತಾನೇ ಮತ್ತೆ ಹುಡುಕುವುದು? ಸಿದ್ದಿಯರು ಎಲ್ಲೂ ಕಳೆದುಹೋಗಿರಲಿಲ್ಲ. ನಾವು ನೋಡಿರಲಿಲ್ಲ, ಅಷ್ಟೆ.

ಇದನ್ನು ಬೇರೆಯವರ ಮೇಲೆ ಬೆರಳು ತೋರಿಸಿ ಹೇಳುವ ಯೋಗ್ಯತೆ ನನಗಿಲ್ಲ. ಅದಕ್ಕೂ ಐದು ವರ್ಷ ಮೊದಲು, 2009ರ ನವೆಂಬರಿನಲ್ಲಿ, ನಾನು ಖಜಾಂಚಿಯಾಗಿದ್ದ ಒಂದು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸಿದ್ದಿ ಕಲಾವಿದರ ತಂಡವನ್ನು ಕರೆಸಿದ್ದೆವು. ಡಮಾಮಿ ಕುಣಿತಕ್ಕೆ ಇಪ್ಪತ್ತು ನಿಮಿಷ ಅಂತ ಹೇಳಿದ್ದೆವು. ಮುಖ್ಯ ಅತಿಥಿಗಳು ತಡವಾಗಿ ಬಂದರು, ಭಾಷಣ ಉದ್ದವಾಯಿತು. ಎಂಟು ನಿಮಿಷಕ್ಕೆ ಇಳಿಸಿದವನು ನಾನೇ. ಮೈಕಿನಲ್ಲಿ "ಈಗ ನಿಮ್ಮ ಮುಂದೆ ಆಫ್ರಿಕನ್ ಡ್ಯಾನ್ಸ್!" ಅಂತ ಕೂಗಿದವನೂ ನಾನೇ. ಜನ ಶಿಳ್ಳೆ ಹೊಡೆದರು, ಫೋಟೋ ತೆಗೆಸಿಕೊಂಡರು.

ಆಮೇಲೆ ಕವರು ಕೊಡಲು ಹೋಗಿ ತಂಡದ ಹಿರಿಯ ಹೆಂಗಸಿನ ಹತ್ತಿರ ಹಿಂದಿಯಲ್ಲಿ ಶುರು ಮಾಡಿದೆ. ಆಕೆ ನಕ್ಕು, "ಸಾಹೇಬ್ರ, ಕನ್ನಡದಾಗ ಮಾತಾಡ್ರಿ. ನಾವು ಹಳಿಯಾಳದ ಕಡೆಯವ್ರು" ಅಂದರು. ಆಮೇಲೆ ಮೆಲ್ಲಗೆ, "ನಮ್ಮಜ್ಜಿ ಕಲಿಸಿದ್ದೊಂದು ಹಾಡಿತ್ತರಿ. ಅದರ ಅರ್ಥ ಹೇಳಿ ಹಾಡಬೇಕಂತ ಮಾಡಿದ್ವಿ. ಟೈಮ್ ಆತು ಅಂದ್ರಿ."

"ತಪ್ಪಾಯ್ತಮ್ಮ" ಅಂದೆ. ವೋಚರಿಗೆ ಸಹಿ ಹಾಕಿಸಿಕೊಂಡೆ. ಸಂಘದ ಲೆಕ್ಕ ಪೈಸೆಗೆ ಪೈಸೆ ಸರಿಹೋಯಿತು.

ದೆಹಲಿಯಲ್ಲಿ ನಮ್ಮನ್ನು 'ಮದ್ರಾಸಿ' ಅಂದರೆ ಮೈ ಉರಿಯುತ್ತದೆ. ಎಷ್ಟು ಸಲ ಆಫೀಸಿನಲ್ಲಿ ಜಗಳ ಆಡಿದ್ದೇನೋ! ಅಂಥ ನಾನು, ತಲೆತಲಾಂತರದಿಂದ ಉತ್ತರ ಕನ್ನಡದಲ್ಲಿ ಬಾಳಿದವರನ್ನು, ಅದೂ ರಾಜ್ಯೋತ್ಸವದ ದಿನ, ಪರದೇಶದವರನ್ನಾಗಿ ಮಾಡಿ ನಿಲ್ಲಿಸಿದ್ದೆ. ಅವರ ಬೇರು ಆಫ್ರಿಕದ್ದೇ, ಅದನ್ನು ಅಭಿಮಾನದಿಂದ ಹೇಳಬೇಕಾದ್ದೇ. ಆದರೆ ಹೇಳಬೇಕಾದವರು ಅವರು. ನಾನು ಅವರ ಬಾಯಿಯಿಂದ ಅದನ್ನು ಕಿತ್ತುಕೊಂಡು ಒಂದು ಐಟಂ ಮಾಡಿದೆ.

ಹಾಗಾದರೆ ಚರಿತ್ರೆಯ ಹಬ್ಬ ಹೇಗಿರಬೇಕು? ನನಗೆ ತಿಳಿದಮಟ್ಟಿಗೆ, ಖಾತೆಯ ಎರಡೂ ಕಡೆ ಕಾಣಬೇಕು. ಮಲಿಕ್ ಅಂಬರನ ಚಿತ್ರದ ಪಕ್ಕ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಇರಲಿ. ಹಳೇ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿದು, ಕೊನೆಗೆ ಮೂಲೆಗೆ ಪುಟ್ಟ ಹೂವಿನ ಹೊಲಿಗೆ ಹಾಕಿದರೇ ಅದು ಪೂರ್ತಿಯಾದಂತೆ. ಅದೂ ಒಂದು ದಾಖಲೆಯೇ. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು 2003ರವರೆಗೆ ಕಾಯಬೇಕಾಯಿತು, ವಿಧಾನ ಪರಿಷತ್ತಿಗೆ ಶಾಂತಾರಾಮ ಸಿದ್ದಿ ಹೋದದ್ದು 2020ರಲ್ಲಿ ಎಂಬುದೂ ಫಲಕದ ಮೇಲೆ ಬರಲಿ. ಎಲ್ಲಕ್ಕಿಂತ ಮೊದಲು, ಮೈಕು ಅವರ ಕೈಯಲ್ಲಿರಲಿ.

ಈಗ ನಾನು ಸಂಘದ ಸಮಿತಿಯಲ್ಲಿಲ್ಲ. ಆದರೂ ಪ್ರತಿ ವರ್ಷ ರಾಜ್ಯೋತ್ಸವದ ಪಟ್ಟಿ ತಯಾರಾಗುವ ಹೊತ್ತಿಗೆ ಹುಡುಗರಿಗೆ ಫೋನು ಮಾಡುತ್ತೇನೆ. ಹೊರಗಿನಿಂದ ಬರುವ ತಂಡಕ್ಕೆ ಎಷ್ಟು ನಿಮಿಷ, ಅದರಲ್ಲಿ ಅವರು ಮಾತಾಡಲಿಕ್ಕೆ ಎಷ್ಟು ಅಂತ ಕೇಳುತ್ತೇನೆ. "ಮತ್ತೆ ಶುರು ಮಾಡಿದ್ರಾ ಅಂಕಲ್" ಅಂತ ನಗುತ್ತಾರೆ. ನಗಲಿ. ಆ ಅಜ್ಜಿಯ ಹಾಡು ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ. ಹನ್ನೆರಡು ನಿಮಿಷದ ಆ ಬಾಕಿ ನನ್ನ ಹೆಸರಿನಲ್ಲೇ ಇದೆ.